ದುಬಾರಿ ಕ್ಯಾಮೆರಾದ ವಿಡಿಯೋದಲ್ಲಿ ಕಪ್ಪು ಪಟ್ಟಿ, ಅಗ್ಗದ್ದರಲ್ಲಿ ಇಲ್ಲ. ದಯವಿಟ್ಟು ನೋಡಿ

ಬೆಟಗೇರಿ ಫ್ರೇಮ್: ಮೂರು ದಿನಗಳಿಂದ ನಿದ್ದೆ ಇಲ್ಲ. ಭಾನುವಾರ ಗದಗದಲ್ಲಿ ಮದುವೆ. ನನ್ನ ಅಗ್ಗದ ಕ್ಯಾನನ್ 1500ಡಿ ಕ್ಯಾಮೆರಾ ಸಾಲದೆಂದು ಹುಬ್ಬಳ್ಳಿಯಿಂದ ದೊಡ್ಡ ಕ್ಯಾಮೆರಾ ಬಾಡಿಗೆಗೆ ತಂದಿದ್ದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಅದರ ವಿಡಿಯೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು ಸರಿಯುತ್ತಿವೆ! ಪಕ್ಕದ 1500ಡಿಯಲ್ಲಿ ಒಂದೂ ಪಟ್ಟಿ ಇಲ್ಲ. ಸಾಲದ್ದಕ್ಕೆ ದೊಡ್ಡದಕ್ಕೆ 24-70 ಎಂಎಂ ಲೆನ್ಸ್ ಹಾಕಿದರೂ ಮಂಟಪ ಪೂರ್ತಿ ಹಿಡಿಯಲಿಲ್ಲ. 1500ಡಿಯ ಜೊತೆಗೇ ಬಂದ ಕಿಟ್ ಲೆನ್ಸಿನಲ್ಲಿ ಹಿಡಿಯಿತು. ಸೆನ್ಸರ್ ಕೆಟ್ಟಿದೆಯೇ? ಶುಕ್ರವಾರ ಆರತಕ್ಷತೆ, ಕ್ಯಾಮೆರಾ ಅಲ್ಲಿಯವರೆಗೆ ನನ್ನ ಬಳಿಯೇ ಇರುತ್ತದೆ.

ಉಣಕಲ್ ಲೆನ್ಸ್: ಕಾರ್ಡ್. ಬಾಡಿಗೆಯವರು ಹಳೆಯ ಕಾರ್ಡ್ ಕೊಟ್ಟಿರುತ್ತಾರೆ.

ಹಾವೇರಿ ಐವತ್ತು: ಕಾರ್ಡ್ ನಿಧಾನವಾದರೆ ರೆಕಾರ್ಡಿಂಗ್ ನಿಲ್ಲುತ್ತದೆ, ಪಟ್ಟಿ ಬರುವುದಿಲ್ಲ. ಯಾವ ಮಾಡೆಲ್? ಶಟರ್ ವೇಗ ಎಷ್ಟು?

ಬೆಟಗೇರಿ ಫ್ರೇಮ್: ಕ್ಯಾನನ್ 5ಡಿ ಮಾರ್ಕ್ 4, 4ಕೆ ವಿಡಿಯೋ. ಶಟರ್ ಸರಿಯಾಗಿಯೇ ಇತ್ತು, 1/60 ಸೆಕೆಂಡು.

ಉಣಕಲ್ ಲೆನ್ಸ್: 4ಕೆ ಎಂದಿರಲ್ಲ, ಅಲ್ಲಿಗೆ ಮುಗಿಯಿತು. ಸೆಕೆಂಡಿಗೆ ಸುಮಾರು 500 ಮೆಗಾಬಿಟ್ ಅದು. 64 ಜಿಬಿ ಹದಿನೇಳು ನಿಮಿಷಕ್ಕೆ ತುಂಬುತ್ತದೆ. ಕಾರ್ಡ್ ಬದಲಿಸಿ.

ಸಾಧನಕೇರಿ ಕ್ಲಿಕ್: ಇನ್ನೂ ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿಯಿರುವ ಕ್ಯಾಮೆರಾದಲ್ಲಿ) ವಿಡಿಯೋ ಏಕೆ? ನಾನು ಎಲ್ಲ ಮಾರಿ ಮಿರರ್‌ಲೆಸ್, ಗಿಂಬಲ್, ಮೂರು ಪ್ರೈಮ್ ಲೆನ್ಸ್ ಕೊಂಡೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲ ಕೆತ್ತನೆ ತೆಗೆದಿದ್ದೇನೆ, ಒಂದೊಂದು ಬಳ್ಳಿಯನ್ನೂ ಎಣಿಸಬಹುದು.

ಉಣಕಲ್ ಲೆನ್ಸ್: ಬಿಸಿಲಿನ ಕಲ್ಲಿಗೂ ಮಂಟಪದ ದೀಪಕ್ಕೂ ಎಲ್ಲಿಯ ಹೋಲಿಕೆ? ಡಿಎಸ್‌ಎಲ್‌ಆರ್ ಹಳಿಯಬೇಡಿ. 2008ರಲ್ಲಿ 5ಡಿ ಮಾರ್ಕ್ 2 ಬಂದಿರದಿದ್ದರೆ ಈ ಆಟವೆಲ್ಲ ಎಲ್ಲಿರುತ್ತಿತ್ತು?

ಸಾಧನಕೇರಿ ಕ್ಲಿಕ್: ವಿಡಿಯೋ ಮೊದಲು ಬಂದದ್ದು ಅದೇ ವರ್ಷದ ನಿಕಾನ್ ಡಿ90ರಲ್ಲಿ.

ಉಣಕಲ್ ಲೆನ್ಸ್: ಅದು 720 ಸಾಲಿನದು. ನಾನು ಹೇಳಿದ್ದು 1080 ಸಾಲಿನ ಫುಲ್ ಎಚ್‌ಡಿ.

ಹಾವೇರಿ ಐವತ್ತು: ಇಬ್ಬರೂ ಸ್ವಲ್ಪ ನಿಲ್ಲಿಸಿ, ಶುಕ್ರವಾರ ಹತ್ತಿರ ಬಂತು. ಬೆಟಗೇರಿಯವರೇ, ಎರಡೂ ಕ್ಯಾಮೆರಾಗಳ ಮೆನುವಿನಲ್ಲಿ ವಿಡಿಯೋ ಸಿಸ್ಟಂ ನೋಡಿ, ಪ್ಯಾಲ್ (ಸೆಕೆಂಡಿಗೆ 25 ಫ್ರೇಮ್, 50 ಹರ್ಟ್ಸ್ ಕರೆಂಟಿಗೆ) ಇದೆಯೋ ಎನ್‌ಟಿಎಸ್‌ಸಿ (30 ಫ್ರೇಮ್, 60 ಹರ್ಟ್ಸ್‌ಗೆ) ಇದೆಯೋ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. 1/50 ಶಟರ್‌ನಲ್ಲಿ ಸೆನ್ಸರಿನ ಪ್ರತಿ ಸಾಲಿಗೂ ಎರಡು ಪೂರ್ಣ ಮಿನುಗು ಸಿಗುತ್ತವೆ. 1/60ರಲ್ಲಿ ಎರಡನೆಯದು ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಸೆನ್ಸರ್ ಸಾಲುಸಾಲಾಗಿ ಓದುವುದರಿಂದ ಒಂದು ಸಾಲಿಗೆ ಬೆಳಕು ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಪಟ್ಟಿ ಹುಟ್ಟುವುದು ಅಲ್ಲಿ.

ಮಂಟಪ ಹಿಡಿಯದಿದ್ದುದು ಬೇರೆ ವಿಷಯ. 4ಕೆಯಲ್ಲಿ ಮಾರ್ಕ್ 4 ಸೆನ್ಸರಿನ ನಡುಭಾಗವನ್ನಷ್ಟೇ ಬಳಸುತ್ತದೆ. ನಿಮ್ಮ 24 ಎಂಎಂ ಸುಮಾರು 42ರಂತೆ ಕಾಣುತ್ತದೆ. 1500ಡಿಯಲ್ಲಿ ಕಿಟ್ ಲೆನ್ಸಿನ 18 ಎಂಎಂ ಸುಮಾರು 29ರಂತೆ. ಸಂಖ್ಯೆ ಹೆಚ್ಚಿದಷ್ಟೂ ನೋಟ ಕಿರಿದು.

ಬೆಟಗೇರಿ ಫ್ರೇಮ್: ಬೆಳಗ್ಗೆ ಅದೇ ಮಂಟಪಕ್ಕೆ ಹೋಗಿ ದೀಪ ಹಾಕಿಸಿದೆ. ಬಾಡಿಗೆಯದು ಎನ್‌ಟಿಎಸ್‌ಸಿಯಲ್ಲಿತ್ತು, ನನ್ನದು ಪ್ಯಾಲ್. ಬದಲಿಸಿ 25 ಫ್ರೇಮ್, 1/50 ಇಟ್ಟೆ. ಪಟ್ಟಿ ಮಾಯ! ಕೈ ನಡುಗುತ್ತಿತ್ತು. ಭಾನುವಾರದ್ದಕ್ಕೆ ಏನು ಮಾಡಲಿ?

ಹಾವೇರಿ ಐವತ್ತು: ಅಕ್ಕಿಕಾಳಿಗೆ 1500ಡಿಯ ದೃಶ್ಯ ಬಳಸಿ. ಹಗಲ ಬೆಳಕಿನಲ್ಲಿ ತೆಗೆದ ದಿಬ್ಬಣ ದೊಡ್ಡದರದ್ದೇ ಇರಲಿ.

ಉಣಕಲ್ ಲೆನ್ಸ್: ಆದರೂ ಒಮ್ಮೆ ಕಾರ್ಡ್ ಬದಲಿಸಿ ನೋಡಿ.

ಬೆಟಗೇರಿ ಫ್ರೇಮ್: ಈಗ ಮತ್ತೊಂದು. 1500ಡಿ ದೃಶ್ಯದಲ್ಲಿ ವಧುವಿನ ತಾಯಿಯ ಸೀರೆಯ ಸಣ್ಣ ಗೆರೆಗಳ ಮೇಲೆ ಹಸಿರು, ನೇರಳೆ ಅಲೆಗಳು ಹರಿಯುತ್ತಿವೆ. ಅವರ ಮನೆಯ ಮಗ್ಗದಲ್ಲೇ ನೇಯ್ದ ಸೀರೆ ಅದು. ಹಾಗೆಯೇ ಕೊಡಲು ಮನಸ್ಸಿಲ್ಲ.

ಹಾವೇರಿ ಐವತ್ತು: ಅದಕ್ಕೆ ‘ಮ್ವಾರೆ’ (moiré) ಎನ್ನುತ್ತಾರೆ. ಹಲವು ಅಗ್ಗದ ಡಿಎಸ್‌ಎಲ್‌ಆರ್‌ಗಳು ವಿಡಿಯೋದಲ್ಲಿ ಸಾಲು ಬಿಟ್ಟು ಸಾಲು ಓದುತ್ತವೆ. ಸೀರೆಯ ಗೆರೆ ಆ ಸಂದಿಗೆ ಸಿಕ್ಕಾಗ ಇಲ್ಲದ ಬಣ್ಣ ಹುಟ್ಟುತ್ತದೆ. ಮಾರ್ಕ್ 4ರ 4ಕೆ ಬಳಸುವ ಭಾಗದಲ್ಲಿ ಒಂದೂ ಪಿಕ್ಸೆಲ್ ಬಿಡುವುದಿಲ್ಲ. ಹೆಚ್ಚಿನ ಹಣ ಕೆಲಸಕ್ಕೆ ಬರುವುದು ಇಲ್ಲಿಯೇ.

ಬೆಟಗೇರಿ ಫ್ರೇಮ್: ಕೇಳಿದೆ, ಶುಕ್ರವಾರವೂ ಅದೇ ಸೀರೆ ಉಡುತ್ತಾರಂತೆ. 4ಕೆ, 25, 1/50. ಮಂಟಪ ಹಿಡಿಯಲು ಬಾಗಿಲವರೆಗೆ ಹಿಂದೆ ಸರಿದು ನಿಲ್ಲುತ್ತೇನೆ.