ಸಹಾಯ ಬೇಕು: ಉಡುಪಿಯಿಂದ ಅಬುಧಾಬಿಗೆ ಸಂಸಾರ ಸಮೇತ

ಎಲ್ಲರಿಗೂ ನಮಸ್ಕಾರ. ಯಜಮಾನರಿಗೆ ಅಬುಧಾಬಿಯಲ್ಲಿ ಕೆಲಸ ಆಗಿದೆ. ಶಾಲೆ ಮುಗಿದ ಕೂಡಲೇ ನಾನು, ಮಗಳು ಹೊರಡುವುದು.

ಮದುವೆ ಸರ್ಟಿಫಿಕೇಟಿಗೆ ರಾಜ್ಯದ ಗೃಹ ಇಲಾಖೆ, ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿಯ ಅಟೆಸ್ಟೇಷನ್ ಬೇಕು ಅಂತ ಗೊತ್ತು. ಆದರೆ ಅದರಲ್ಲಿ ನನ್ನ ಹೆಸರಿಗೆ ತವರುಮನೆಯ ಇನಿಶಿಯಲ್ ಮಾತ್ರ ಇದೆ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಸರ್‌ನೇಮ್. ಅಫಿಡವಿಟ್ ಸಾಕಾ, ಸರ್ಟಿಫಿಕೇಟೇ ತಿದ್ದಿಸಬೇಕಾ? ಇದೇ ತೊಂದರೆ ಆದವರು ದಯವಿಟ್ಟು ಹೇಳಿ.

ನನಗೆ ದೊಡ್ಡ ಚಿಂತೆ ಮಗಳ ಮಾತ್ರೆಯದ್ದು. ಫಿಟ್ಸ್‌ಗೆ ದಿನಾ ರಾತ್ರಿ ಕ್ಲೊಬಜಾಮ್ ತೆಗೆದುಕೊಳ್ಳುತ್ತಾಳೆ, ಒಂದು ದಿನವೂ ತಪ್ಪಬಾರದು. ಅಲ್ಲಿ ಅದು ನಿಯಂತ್ರಿತ ಔಷಧ, ಮೊದಲೇ ಆನ್‌ಲೈನ್‌ನಲ್ಲಿ ಅನುಮತಿ ಪಡೆಯಬೇಕು. ಮಣಿಪಾಲದ ಡಾಕ್ಟರ ಚೀಟಿ ಜೊತೆ ಬೇರೆ ಏನು ಲಗತ್ತಿಸಿದಿರಿ? ಅಲ್ಲಿ ಮಕ್ಕಳ ನರರೋಗ ತಜ್ಞರ ಅಪಾಯಿಂಟ್‌ಮೆಂಟ್ ಸಿಗಲು ಎಷ್ಟು ದಿನ ಹಿಡಿಯುತ್ತದೆ?

ಬ್ಯಾಂಕ್ ಖಾತೆ ಎನ್‌ಆರ್‌ಒ (ಅನಿವಾಸಿ ಭಾರತೀಯರ ಖಾತೆ) ಮಾಡಿಸುತ್ತೇವೆ, ಅದು ಪರವಾಗಿಲ್ಲ. ಒಟಿಪಿಗೆ ಇಲ್ಲಿನ ಸಿಮ್ ಅಲ್ಲೂ ನಡೆಯಬೇಕಲ್ಲ, ಕಡಿಮೆ ಖರ್ಚಿನ ದಾರಿ ಇದ್ದರೆ ತಿಳಿಸಿ.

ಅತ್ತೆ ಮನೆಬಿಟ್ಟು ಬರುವುದಿಲ್ಲ ಅಂದಿದ್ದಾರೆ. ಕಾಪು, ಕಟಪಾಡಿ ಕಡೆ ರಾತ್ರಿ ಜೊತೆಗಿರುವ ನಂಬಿಕಸ್ಥ ಹೆಂಗಸರು ಗೊತ್ತಿದ್ದರೆ ನನಗೆ ಮೆಸೇಜ್ ಮಾಡಿ. ಮಳೆಗಾಲದೊಳಗೆ ಯಾರಾದರೂ ಸಿಗಲೇಬೇಕು.