ರೋಡಿಂದ ದೂರ ಇರೋ ತೋಟದ ಮನೆಗೆ ಫೈಬರ್ ಹಾಕಿಸ್ಬೇಕು, ದುಡ್ಡು ಕೊಡೋ ಮುಂಚೆ ಏನೇನು ಕೇಳ್ಕೋಬೇಕು?

ತೋಟದಮನೆ:
ನಮಸ್ಕಾರ ಎಲ್ರಿಗೂ. ನಮ್ಮನೆ ಹೊಸನಗರ ತಾಲೂಕಲ್ಲಿ, ಟಾರ್ ರೋಡಿಂದ ಒಳಗೆ ಮುಕ್ಕಾಲು ಕಿಲೋಮೀಟರ್ ಆಗುತ್ತೆ, ಅದ್ರಲ್ಲಿ ಅರ್ಧ ದಾರಿ ನಮ್ದೇ ಅಡಿಕೆ ತೋಟ. ಮೊಬೈಲ್ ನೆಟ್‌ವರ್ಕ್ ಕತೆ ಕೇಳ್ಲೇಬೇಡಿ, ಒಂದು ಓಟಿಪಿ ಬರ್ಬೇಕಂದ್ರೂ ಮನೆ ಹಿಂದಿನ ಗುಡ್ಡ ಹತ್ತಬೇಕು. ಈಗ ಆಫೀಸಲ್ಲಿ ಊರಿಂದ್ಲೇ ಕೆಲಸ ಮಾಡು ಅಂತ ಒಪ್ಪಿದಾರೆ, ಆದ್ರೆ ನೆಟ್ ಸರಿ ಇರ್ಬೇಕು ಅಂತ ಕಂಡೀಷನ್. ನಮ್ಮ ಕಡೆ ಕೇಬಲ್ ಟಿವಿ ನಡೆಸೋರೇ ಫೈಬರ್ ಕೊಡ್ತಿದಾರೆ, ರೋಡ್ ತನಕ ಲೈನ್ ಬಂದಿದೆ, ಅಲ್ಲಿಂದ ಮನೆಗೆ ವೈರಿನ ದುಡ್ಡು ಮೀಟರ್ ಲೆಕ್ಕದಲ್ಲಿ ನೀವೇ ಕೊಡಿ, ಅಡಿಕೆ ಮರದಿಂದ ಮರಕ್ಕೆ ಕಟ್ಕೊಂಡು ಬಂದ್ಬಿಡ್ತೀವಿ, ಮಧ್ಯಾಹ್ನದೊಳಗೆ ಆಗೋಗುತ್ತೆ ಅಂತಾರೆ. ಅಷ್ಟು ಸಲೀಸಾ ಇದು? ಇನ್ನೊಂದು, ಅಪ್ಪಯ್ಯ ಲ್ಯಾಂಡ್‌ಲೈನ್ ಬಿಡೋಕೆ ಸುತಾರಾಂ ಒಪ್ತಿಲ್ಲ, ಅದೇ ನಂಬರ್ ಫೈಬರ್‌ಗೂ ಬರುತ್ತಂತೆ, ಹೌದಾ?

ಗಾಜಿನೆಳೆ:
ನಾನು ಸಾಗರದ ಕಡೆ ಇದೇ ಕೆಲಸ ಮಾಡೋನು, ಸ್ಪ್ಲೈಸಿಂಗು (ಫೈಬರ್ ಎಳೆ ಬೆಸೆದು ಜಾಯಿಂಟ್ ಹಾಕೋದು), ಫಾಲ್ಟ್ ಹುಡುಕೋದು. ದೂರದ ಬಗ್ಗೆ ತಲೆ ಕೆಡಿಸ್ಕೋಬೇಡಿ. ತಾಮ್ರದ ಲೈನಲ್ಲಿ ಎಕ್ಸ್‌ಚೇಂಜಿಂದ ದೂರ ಹೋದಷ್ಟೂ ಸ್ಪೀಡ್ ಬಿದ್ದೋಗ್ತಿತ್ತು, ಫೈಬರ್‌ಗೆ ಮುಕ್ಕಾಲು ಕಿಲೋಮೀಟರ್ ಲೆಕ್ಕಕ್ಕೇ ಇಲ್ಲ, ಮನೆಗಳಿಗೆ ಕೊಡೋ ಜಿಪಾನ್ (ಒಂದೇ ಫೈಬರನ್ನ ಹಲವು ಮನೆಗೆ ಹಂಚೋ ವಿಧಾನ) ಲೈನ್ 20 ಕಿಲೋಮೀಟರ್ ತನಕ ಎಳೆಯೋಕೆ ಅಂತ್ಲೇ ಮಾಡಿರೋದು. ಒಂದು ಕಿಲೋಮೀಟರಿಗೆ ಅರ್ಧ ಡಿಬಿನೂ (ಬೆಳಕು ಎಷ್ಟು ಕಮ್ಮಿ ಆಯ್ತು ಅನ್ನೋ ಅಳತೆ) ಹೋಗಲ್ಲ, ಅದೇ ದಾರಿಯಲ್ಲಿ ಒಂದು 1:8 ಸ್ಪ್ಲಿಟರ್ (ಒಂದು ಎಳೆಯ ಬೆಳಕನ್ನ ಎಂಟಕ್ಕೆ ಹಂಚೋದು) ಇಟ್ರೆ ಸುಮಾರು 10 ಡಿಬಿ ಹೋಯ್ತು. ಜಾಯಿಂಟ್ ಸರಿ ಹಾಕಿಲ್ಲ ಅಂದ್ರೆ ಅದು ಬೇರೆ.

ಅಡಿಕೆ ಮರ ಮಾತ್ರ ಬೇಡ ಮಾರಾಯ್ರೆ. ಗಾಳಿ ಬಂದಾಗ ಒಂದೊಂದು ಮರ ಒಂದೊಂದು ಕಡೆ ತೂಗುತ್ತೆ, ವೈರ್ ಬಿಗಿಯಾಗಿ ಕಟ್ಟಿದ್ರೆ ಒಳಗಿನ ಗಾಜು ಮುರಿದಿರುತ್ತೆ, ಹೊರಗೆ ನೋಡಿದ್ರೆ ಕಪ್ಪು ವೈರ್ ನೆಟ್ಟಗೇ ಇರುತ್ತೆ, ಆಮೇಲೆ ಎಲ್ಲಿ ಹೋಗಿದೆ ಅಂತ ಹುಡುಕೋದೇ ಒಂದು ದಿನದ ಕೆಲಸ. ಸೋಗೆ ಬೀಳುತ್ತೆ, ಮಂಗ ಜೋತಾಡುತ್ತೆ, ಅಡಿಕೆ ಕೊನೆ ತೆಗೆಯೋರು ಮರದಿಂದ ಮರಕ್ಕೆ ದಾಟೋವಾಗ ಅಡ್ಡ, ಮದ್ದು ಹೊಡೆಯೋವಾಗ ಪೈಪಿಗೆ ಅಡ್ಡ, ಅವರು ತಾನೇ ಎಷ್ಟು ಅಂತ ಸಹಿಸ್ತಾರೆ, ಕತ್ತಿ ಸೊಂಟದಲ್ಲೇ ಇರುತ್ತೆ! ಅಗಳದ (ತೋಟದ ಅಂಚಿನ ಕಂದಕ) ಬದಿಗೆ ಬೇಲಿ ಸಾಲಲ್ಲಿ ಕಲ್ಲುಕಂಬನೋ ಜಿಐ ಪೈಪೋ ನೆಟ್ಟು ತನ್ನಿ, ಸುತ್ತು ಆದ್ರೂ ಪರವಾಗಿಲ್ಲ. ಕರೆಂಟ್ ಕಂಬಕ್ಕೆ ಪರ್ಮಿಷನ್ ಇಲ್ದೇ ಕಟ್ಟೋಕೆ ಬಂದ್ರೂ ಬೇಡ ಅನ್ನಿ. ಎರಡೂ ತುದಿಯಲ್ಲಿ ಹತ್ತಿಪ್ಪತ್ತು ಮೀಟರ್ ಸುರುಳಿ ಸುತ್ತಿ ಇಡಿಸಿ, ನಾಳೆ ಎಲ್ಲಾದ್ರೂ ತುಂಡಾದ್ರೆ ಎಳ್ಕೊಂಡು ಒಂದೇ ಜಾಯಿಂಟಲ್ಲಿ ಮುಗಿಸಬಹುದು, ಇಲ್ದಿದ್ರೆ ನಡುವೆ ತುಂಡು ವೈರ್ ಸೇರಿಸಿ ಎರಡು ಜಾಯಿಂಟ್ ಹಾಕ್ಬೇಕಾಗುತ್ತೆ.

ಕೆಲಸ ಮುಗಿದ್ಮೇಲೆ ಮೊಬೈಲಲ್ಲಿ ಸ್ಪೀಡ್ ಟೆಸ್ಟ್ ತೋರಿಸಿ ಹೊರಟುಬಿಡ್ತಾರೆ. ಬಿಡಬೇಡಿ, ಪವರ್ ಮೀಟರ್ ಇಟ್ಟು ಎಷ್ಟು ಡಿಬಿಎಂ (ಬಂದು ತಲುಪೋ ಬೆಳಕಿನ ಬಲ, ಮೈನಸ್ ಜಾಸ್ತಿ ಆದಷ್ಟೂ ಬಲ ಕಮ್ಮಿ) ಬರ್ತಿದೆ ತೋರಿಸಿ ಅನ್ನಿ. ಮೈನಸ್ 20, 22ರ ಆಸುಪಾಸು ಇದ್ರೆ ನೆಮ್ಮದಿ. ಮೈನಸ್ 26 ಇದ್ರೂ ಸ್ಪೀಡ್ ಟೆಸ್ಟಲ್ಲಿ ಪೂರ್ತಿ ಸ್ಪೀಡ್ ಬಂದ್ಬಿಡಬಹುದು, ಆದ್ರೆ 27 ದಾಟಿದ್ರೆ ಮೋಡೆಮ್‌ಗೆ ಕಷ್ಟ, ಎಲ್ಲೋ ಒಂದು ಕಡೆ ವೈರ್ ಸ್ವಲ್ಪ ಮಡಚಿದ್ರೂ ಸಾಕು ಎಲ್‌ಓಎಸ್ ಅನ್ನೋ, ಸಿಗ್ನಲ್ ಬರ್ತಿಲ್ಲ ಅಂತ ಹೇಳೋ ಕೆಂಪು ಲೈಟ್ ಮಿಣುಕೋಕೆ ಶುರು. ಆ ನಂಬರ್ ಬರೆದಿಟ್ಕೊಳ್ಳಿ, ಮುಂದೆ ಕಂಪ್ಲೇಂಟ್ ಮಾಡೋವಾಗ ಬೇಕಾಗುತ್ತೆ.

ಸೊಪ್ಪಿನಬೆಟ್ಟ:
ಲ್ಯಾಂಡ್‌ಲೈನ್ ವಿಷ್ಯ. ಬಿಎಸ್ಸೆನ್ನೆಲ್ ನಂಬರಾಗಿದ್ದು ನಿಮ್ಮ ಕೇಬಲ್‌ನವರು ಕೊಡೋದೂ ಬಿಎಸ್ಸೆನ್ನೆಲ್ ಫೈಬರೇ ಆದ್ರೆ (ಹಳ್ಳಿ ಕಡೆ ಎಷ್ಟೋ ಜನ ಕೇಬಲ್‌ನವರು ಬಿಲ್ಲಲ್ಲಿ ಪಾಲು ಅನ್ನೋ ಲೆಕ್ಕದಲ್ಲಿ ಅವರದ್ದೇ ಲೈನ್ ಕೊಡೋದು) ಸಾಮಾನ್ಯವಾಗಿ ಅದೇ ನಂಬರ್ ಉಳಿಸ್ಕೋಬಹುದು, ಅರ್ಜಿ ಬರೆಯೋವಾಗ್ಲೇ ಹೇಳಿ, ಆಮೇಲೆ ಹೇಳಿದ್ರೆ ಅಲೆದಾಟ.

ಆದ್ರೆ ಅಪ್ಪಯ್ಯಂಗೆ ಒಂದು ಮೊದ್ಲೇ ಹೇಳ್ಬಿಡಿ. ಹಳೇ ಫೋನಿಗೆ 48 ವೋಲ್ಟ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಾಮ್ರದ ವೈರಲ್ಲಿ ಬರ್ತಿತ್ತು, ಹಾಗಾಗಿ ಮನೇಲಿ ಕರೆಂಟ್ ಇಲ್ದಿದ್ರೂ ಫೋನ್ ನಡೀತಿತ್ತು. ಗಾಜಲ್ಲಿ ಕರೆಂಟ್ ಬರಲ್ಲ. ಮೋಡೆಮ್ ಆಫ್ ಆದ್ರೆ ಫೋನೂ ಆಫ್. ಇನ್ವರ್ಟರ್ ಇದ್ರೆ ಸರಿ, ಇಲ್ಲಾಂದ್ರೆ ರೌಟರಿಗೆ ಅಂತ್ಲೇ ಸಣ್ಣ ಯುಪಿಎಸ್ ಸಿಗುತ್ತೆ, ತಗೊಳ್ಳೋವಾಗ ಮೋಡೆಮ್ ಅಡಾಪ್ಟರ್ ಹಿಂದೆ ಎಷ್ಟು ವೋಲ್ಟ್ ಎಷ್ಟು ಆಂಪ್ ಬರೆದಿದೆ ನೋಡ್ಕೊಂಡು ತಗೊಳ್ಳಿ. ಮತ್ತೆ ಕೇಬಲ್‌ನವರಿಗೂ ಕೇಳಿ, ನಿಮ್ಮ ಕಡೆ ಮಷಿನ್‌ಗೆ ಎಷ್ಟು ಹೊತ್ತು ಬ್ಯಾಕಪ್ ಇದೆ ಅಂತ. ನಮ್ಮನೇಲಿ ಬ್ಯಾಟರಿ ಎಲ್ಲಾ ಇಟ್ಟು ರೆಡಿ, ಅತ್ಲಾಗೆ ಅವರ ಜನರೇಟರಿಗೆ ಡೀಸೆಲ್ ಇರಲ್ಲ.

ಸಿಡಿಲಿಗೆ ಗಾಜಿನ ವೈರಿಗೆ ಏನೂ ಆಗಲ್ಲ ಅಂತ ಧೈರ್ಯ ಮಾಡ್ಬೇಡಿ. ಗಾಜಿಗೆ ಆಗಲ್ಲ, ನಿಜ. ಆದ್ರೆ ಜೋತು ಹಾಕೋ ವೈರಲ್ಲಿ ಆಧಾರಕ್ಕೆ ಒಂದು ಉಕ್ಕಿನ ತಂತಿ ಇರುತ್ತಲ್ಲ, ಅದು ಮನೆ ಗೋಡೆ ತನಕ ಬಂದಿದ್ರೆ ಅಪಾಯ, ಹೊರಗಿನ ಕಂಬದಲ್ಲೇ ಅದನ್ನ ಕತ್ತರಿಸಿ ನಿಲ್ಲಿಸೋಕೆ ಹೇಳಿ. ಇನ್ನು ಕರೆಂಟ್ ಲೈನಿಂದ ಅಡಾಪ್ಟರ್ ಮೂಲಕ ಬಂದು ಮೋಡೆಮ್ ಸುಡೋದು ಇದ್ದಿದ್ದೇ, ಗುಡುಗು ಶುರು ಆಗ್ತಿದ್ದಂಗೆ ಪಿನ್ ಕಿತ್ತಿಡಿ.

ಕೆರೆಏರಿ:
ಇಷ್ಟೆಲ್ಲಾ ಯಾಕೆ ಸಾರ್, ಏರ್‌ಫೈಬರ್ ಹಾಕ್ಸಿ, ವೈರೇ ಬೇಡ. ತೀರ್ಥಹಳ್ಳಿ ಪೇಟೇಲಿ ನಮ್ಮ ತಂಗಿ ಮನೇಲಿ ಆರಾಮಾಗಿದೆ.

ಗಾಜಿನೆಳೆ:
ಪೇಟೆಗೆ ಸರಿ. ಹೆಸರಲ್ಲಿ ಫೈಬರ್ ಇದೆ ಅಷ್ಟೇ, ಮನೆಗೆ ಬರೋದು 5ಜಿ ಟವರಿನ ಸಿಗ್ನಲ್ಲು. ಓಟಿಪಿಗೆ ಗುಡ್ಡ ಹತ್ತೋರ ಮನೆಗೆ ಅದು ಎಲ್ಲಿಂದ ಬರ್ಬೇಕು?

ತೋಟದಮನೆ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಅಗಳದ ಬದಿ ನೋಡ್ಕೊಂಡು ಬಂದೆ, ಆಗುತ್ತೆ, ಆದ್ರೆ ಸ್ವಲ್ಪ ದೂರ ಪಕ್ಕದ ತೋಟದವರ ಬೇಲಿ ಮೇಲೆ ಹೋಗ್ಬೇಕು. ನಾಳೆ ವೈರ್ ತುಂಡಾದ್ರೆ ಅದರ ಖರ್ಚು ಯಾರದ್ದು? ಮತ್ತೆ ಮನೆ ಹಳೇದು, ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಮೋಡೆಮ್ ಜಗಲೀಲಿ ಇಡ್ತೀವಿ ಅಂತಿದಾರೆ.

ಗಾಜಿನೆಳೆ:
ವೈರಿಗೆ ದುಡ್ಡು ನೀವೇ ಕೊಟ್ಟ ಮೇಲೆ ರಿಪೇರಿಗೂ ನಿಮ್ಮ ಹತ್ರನೇ ಕೇಳ್ತಾರೆ ಅಂತಿಟ್ಕೊಳ್ಳಿ. ಎಷ್ಟು ದಿನದಲ್ಲಿ ಬರ್ತಾರೆ, ಒಂದು ಜಾಯಿಂಟಿಗೆ ಎಷ್ಟು, ವೈರ್ ಯಾರ ಹೆಸರಲ್ಲಿ ಇರುತ್ತೆ, ಒಂದು ಹಾಳೆ ಮೇಲೆ ಬರೆಸ್ಕೊಳ್ಳಿ, ವಾಟ್ಸಾಪ್ ಮೆಸೇಜ್ ಆದ್ರೂ ಸಾಕು. ಸ್ಪ್ಲೈಸಿಂಗ್ ಮಷಿನ್ ಅವರದ್ದೇ ಇದೆಯಾ ಅಥವಾ ಶಿವಮೊಗ್ಗದಿಂದ ತರಿಸ್ತಾರಾ ಅದನ್ನೂ ಕೇಳಿ. ತರಿಸೋರಾದ್ರೆ ಜುಲೈ ತಿಂಗಳಲ್ಲಿ ನಿಮ್ಮ ಆಫೀಸ್ ಕೆಲಸ ಅಷ್ಟಕ್ಕಷ್ಟೇ. ಪ್ಲ್ಯಾನ್ ರೇಟು 500 ಅಂದ್ರೆ 18% ಜಿಎಸ್‌ಟಿ ಸೇರಿ 590, ಅದು ಗೊತ್ತಿರ್ಲಿ.

ಪಕ್ಕದ ತೋಟದವರಿಗೆ ಬರೀ ದಾರಿ ಕೇಳ್ಬೇಡಿ, ನಿಮಗೂ ಕನೆಕ್ಷನ್ ಬೇಕಾ ಕೇಳಿ. ಒಂದೇ ಎಳೆ ಇರೋ ವೈರ್ ಬದ್ಲು ನಾಲ್ಕು ಎಳೆಯದ್ದು ಹಾಕ್ಸಿದ್ರೆ ರೇಟಲ್ಲಿ ಅಂಥಾ ವ್ಯತ್ಯಾಸ ಇರಲ್ಲ, ಒಂದು ಅವರಿಗೆ, ಒಂದು ನಿಮಗೆ, ಉಳಿದಿದ್ದು ಸ್ಪೇರ್. ಖರ್ಚೂ ಪಾಲಾಗುತ್ತೆ, ಅವರ ಬೇಲಿ ಹತ್ರ ವೈರಿಗೆ ಏನಾದ್ರೂ ಆದ್ರೆ ಅವರೇ ಮೊದ್ಲು ಫೋನ್ ಮಾಡ್ತಾರೆ.

ಜಗಲಿ ಬೇಡ. 5 ಗಿಗಾಹರ್ಟ್ಸ್ ವೈಫೈ ಆ ಗೋಡೆ ದಾಟಲ್ಲ, 2.4 ದಾಟಿದ್ರೂ ಅರೆಜೀವ. ಮೋಡೆಮ್ ನಡುಮನೇಲಿ ಇಡಿಸಿ, ನೀವು ಕೂತು ಕೆಲಸ ಮಾಡೋ ಕೋಣೆಗೆ ಲ್ಯಾನ್ ಕೇಬಲ್ ಎಳ್ಕೊಳ್ಳಿ. ಒಳಗೆ ಫೈಬರನ್ನ ಬಾಗಿಲ ಸಂದಿಯಲ್ಲಿ ತೂರಿಸೋಕೆ, ಮೊಳೆಗೆ ಸುತ್ತಿ ಮಡಚೋಕೆ ಬಿಡಬೇಡಿ. ಕೊನೇದು, ಮೋಡೆಮ್‌ಗೆ ಚುಚ್ಚೋ ತುದಿ ಹಸಿರು ಬಣ್ಣದ್ದೋ ನೀಲಿದೋ ನೋಡಿ, ತೂತು ಯಾವ ಬಣ್ಣನೋ ತುದಿನೂ ಅದೇ ಬಣ್ಣ ಇರ್ಬೇಕು. ಹಸಿರಿನ ಮುಖ ಓರೆ ಕೊರೆದಿರ್ತಾರೆ, ನೀಲಿದು ನೇರ, ಒಂದಕ್ಕೊಂದು ಕೂರಲ್ಲ. ಕೈಗೆ ಸಿಕ್ಕಿದ್ದು ಹಾಕಿ ಹೋಗೋರು ಇದಾರೆ, ಡಿಬಿಎಂ ಕೆಟ್ಟದಾಗಿ ಬಂದ್ರೆ ನಾನು ಮೊದ್ಲು ನೋಡೋದೇ ಅದನ್ನ.