ಅಪ್‌ಡೇಟ್: ಬಯಾಲಜಿ ಓದದವರು ನ್ಯೂರೋಸೈನ್ಸ್‌ಗೆ ಹೋಗಬಹುದಾ ಅಂತ ಕೇಳಿದ್ದೆನಲ್ಲ

ಹೋದ ವರ್ಷ ಕೇಳಿದ್ದೆ: ಓದಿದ್ದು ಎಲೆಕ್ಟ್ರಾನಿಕ್ಸ್ ಬಿ.ಇ., ಬಯಾಲಜಿ ಬಿಟ್ಟಿದ್ದು ಎಸ್ಸೆಸ್ಸೆಲ್ಸಿಗೇ, ಮಿದುಳು ಹೇಗೆ ನೋಡುತ್ತದೆ ಅನ್ನೋದರ ಮೇಲೆ ಪಿಎಚ್‌ಡಿ ಮಾಡಬಹುದಾ ಅಂತ. ಸೀಟು ಸಿಕ್ಕಿತು. ಸೇರಿ ಎಂಟು ತಿಂಗಳಾಯಿತು. "ಮೊದಲು ಎಂ.ಎಸ್ಸಿ. ಮಾಡು" ಅಂದವರು ಬೇಜಾರಾಗಬೇಡಿ, ನನಗೆ ಅದು ಬೇಕಾಗಲಿಲ್ಲ.

ಪರೀಕ್ಷೆಗೆ ಅಂತ ಬೈದುಕೊಂಡು ಕಲಿತ ಫೋರಿಯರ್ (ಸಿಗ್ನಲ್ಲನ್ನು ಸರಳ ಅಲೆಗಳಾಗಿ ಬಿಡಿಸೋ ಗಣಿತ) ಈಗ ದಿನಾ ಬೇಕು, ಯಾಕಂದ್ರೆ ಪ್ರಯೋಗಕ್ಕೆ ಬರುವವರಿಗೆ ನಾವು ಪರದೆ ಮೇಲೆ ತೋರಿಸೋದೇ ಕಪ್ಪು-ಬಿಳಿ ಪಟ್ಟೆಗಳನ್ನು, ಅಂದ್ರೆ ಬೆಳಕು-ಕತ್ತಲೆಯ ಅಲೆಗಳನ್ನು. ಪಟ್ಟೆ ಯಾಕೆ? 1950ರ ದಶಕದ ಕೊನೆಯಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಅನ್ನೋ ಇಬ್ಬರು ವಿಜ್ಞಾನಿಗಳು ಬೆಕ್ಕಿಗೆ ಚುಕ್ಕೆ ತೋರಿಸುತ್ತಾ ಅದರ ಮಿದುಳಿನ ಒಂದು ಕೋಶವನ್ನು ಗಮನಿಸುತ್ತಿದ್ದರು, ಕೋಶ ಸುಮ್ನೆ ಇತ್ತು, ಆದ್ರೆ ಚುಕ್ಕೆ ಇದ್ದ ಗಾಜಿನ ಸ್ಲೈಡ್ ತೂರಿಸುವಾಗ ಅದರ ಅಂಚಿನ ನೆರಳು ಸರಿದಿದ್ದೇ ತಡ, ಕೋಶ ಪಟಪಟ ಅಂತ ಸಿಗ್ನಲ್ ಕಳಿಸೋಕೆ ಶುರುಮಾಡಿತು. ಚುಕ್ಕೆಗಲ್ಲ, ಓರೆಯಾದ ಗೆರೆಗೆ! 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಒದ್ದಾಟ ಇರೋದು ಅನಾಟಮಿಯಲ್ಲಿ, ಹೆಸರುಗಳೇ ಬಾಯಿಗೆ ಬರಲ್ಲ. ಅದಕ್ಕಿಂತ ಜಾಸ್ತಿ ಕಷ್ಟ, ಪ್ರಯೋಗಕ್ಕೆ ಬರುವವರನ್ನು ಎಚ್ಚರ ಇಡೋದು. ಕತ್ತಲ ಕೋಣೆ, ಎಸಿ, ಗಲ್ಲ ಊರಲು ಸ್ಟ್ಯಾಂಡ್, ಇನ್ನೇನು ಬೇಕು ಹೇಳಿ? ಮೊನ್ನೆ ಒಬ್ಬ ಊಟ ಮಾಡಿ ಬಂದು ಗಲ್ಲ ಊರಿಕೊಂಡೇ ಗೊರಕೆ ಹೊಡೆದ. ನಲವತ್ತು ನಿಮಿಷದ ಡೇಟಾ ಹೋಯಿತು.